ಮೂಡಲ ಹೊಲದ ಹೊರಬೀಡು

ನನ್ನ ಮುಖದ ಕುಳಿಗಳಲ್ಲಿ ಬೆರಳಿಟ್ಟು ಎಣಿಸುವ ಆಟವನ್ನು ನೀವೆಲ್ಲರೂ ಆಡಿದ್ದೀರಿ. ಅರ್ಧ ಕೆನ್ನೆ ದಾಟುವಷ್ಟರಲ್ಲಿ ನಗು ಬಂದು ಲೆಕ್ಕ ತಪ್ಪುತ್ತಿತ್ತು. ದೊಡ್ಡವರಾದ ಮೇಲೆ ಆಟ ಬಿಟ್ಟಿರಿ, ಕುಳಿಗಳು ಎಲ್ಲಿಂದ ಬಂದವೆಂದು ಕೇಳಲು ನಾಚಿದಿರಿ. ಆ ನಾಚಿಕೆ ನನ್ನಿಂದಲೇ ನಿಮಗೆ ಬಂದಿರಬೇಕು. ನಾಲ್ಕು ಜನ ಕುಳಿತಲ್ಲಿ ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈಚೆಗೆ ನಾಡೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ ನಿಮ್ಮಲ್ಲೊಬ್ಬಳು ಜ್ವರ ಬಂದು ಮೇಲಿನ ಕೋಣೆಯಲ್ಲಿ ಒಬ್ಬಳೇ ಮಲಗಿದ್ದಳು. ನಾನು ಮೆಟ್ಟಿಲ ಕೆಳಗೆ ಕುಳಿತು ಅವಳಿಗೆ ಕೇಳುವ ಹಾಗೆ ಕೆಮ್ಮುತ್ತಿದ್ದೆ, ಅಜ್ಜಿ ಇಲ್ಲಿದ್ದಾಳೆ ಎಂದು ತಿಳಿಯಲಿ ಅಂತ. ಅವಳು ಬಾಗಿಲ ಹಿಂದಿನಿಂದ, “ಅಜ್ಜಿ, ನಿನಗೂ ಬ್ಯಾನಿ ಅಂಟೇತೇನು? ಯಾಕ ಕೆಮ್ಮಾಕತ್ತೀ?” ಎಂದು ಗಾಬರಿಯಾಗಿ ಕೇಳಿದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು, “ಒಬ್ಬಾಕೀನ ಹೆಂಗ ಇರೂದು ಅಜ್ಜಿ,” ಎಂದಳು. ಅವತ್ತು ಮೆಟ್ಟಿಲ ಕೆಳಗೆ ಕುಳಿತು ಹೇಳಲಾಗದ್ದನ್ನು ಈಗ ನಿಮಗೆಲ್ಲರಿಗೂ ಹೇಳುತ್ತೇನೆ.

ನಾನು ಸವಣೂರ ಕಡೆಯವಳು. ನಾಲ್ಕನೆಯ ಇಯತ್ತೆ ಮುಗಿಸಿ, ಎಲೆಬಳ್ಳಿಯ ತೋಟದಲ್ಲಿ ಅಪ್ಪನ ಜೊತೆ ಎಲೆ ಕೊಯ್ಯುತ್ತಿದ್ದವಳನ್ನು ಹಾನಗಲ್ಲ ತಾಲೂಕಿಗೆ, ಆಡೂರಿನಿಂದ ಒಂದಿಷ್ಟು ಒಳಗಿರುವ ಈ ಊರಿಗೆ ಕೊಟ್ಟರು. ನಾನು ಹೇಳುವ ಕಾಲಕ್ಕೆ ಗಂಗಾ ಎದೆಹಾಲಿನ ಕೂಸು. ನಿಮ್ಮಲ್ಲಿ ಕೆಲವರಿಗೆ ಅವಳು ಅವ್ವ, ಕೆಲವರಿಗೆ ಅತ್ತೆ. ಈಗ ನಿಮ್ಮನ್ನೆಲ್ಲ ಗದರಿಸುವ ಅವಳು ಆಗ ಗೋಡೆ ಹಿಡಿದು ನಿಲ್ಲಲು ಕಲಿಯುತ್ತಿದ್ದಳು.

ಮಾಘ ಮಾಸ. ಭತ್ತದ ಸುಗ್ಗಿ ಮುಗಿದಿತ್ತು. ಹಿರೇಕೆರೂರಿನಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಬಂದ ಮೇಲೆ ಒಂದು ದಿನ ನನಗೆ ಜ್ವರ ಬಂತು. ಸೊಂಟ ಮುರಿದು ಬೀಳುವಂಥ ನೋವು. ಮದುವೆ ಮನೆಯಲ್ಲಿ ನೀರು ಹೊತ್ತದ್ದಕ್ಕೆ ಎಂದುಕೊಂಡೆ. ನನ್ನ ಮಾವನ ಅಕ್ಕ ನೀಲತ್ತೆ ನಮ್ಮ ಮನೆಯಲ್ಲೇ ಇದ್ದಳು. ಅವಳಿಗೆ ಸಣ್ಣವಳಿದ್ದಾಗ ದೇವಿ ಬೇನೆ ಬಂದು ಹೋಗಿತ್ತು, ಮುಖದ ತುಂಬ ಕಲೆ. ಅವಳು ಬಂದು ನನ್ನ ಹಣೆ ಮುಟ್ಟಿದಳು, ಬಾಯಿ ತೆರೆಸಿ ಒಳಗೆ ನೋಡಿದಳು.

“ಕೂಸನ್ನ ಇಳಸು,” ಎಂದಳು.

“ಹಾಲ ಕುಡಿಯಾಕತ್ತಾಳ ಅತ್ತಿ.”

“ಇಳಸು ಪಾರವ್ವ. ನಿನ್ನ ಮೈಮ್ಯಾಲ ತಾಯಿ ಬಂದಾಳ.”

ನಮ್ಮ ಕಡೆ ಸಿಡುಬಿನ ಹೆಸರು ಹೇಳುತ್ತಿರಲಿಲ್ಲ, ತಾಯಿ ಬಂದಳು ಎಂದೇ ಹೇಳುತ್ತಿದ್ದರು. ನನ್ನ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ಅಡುಗೆ ಮನೆಯಿಂದ ಶಾಂತವ್ವ ಬಂದಳು. ಶಾಂತವ್ವ ನನ್ನ ನೆಗೆಣ್ಣಿ, ಭಾವನ ಹೆಂಡತಿ. ಮಜ್ಜಿಗೆ ಕಡೆಯುವ ಸರದಿಯ ಮೇಲೆ ನಮ್ಮಿಬ್ಬರಿಗೆ ಮಾತು ಬಿಟ್ಟು ಹೋಗಿತ್ತು. ರೊಟ್ಟಿಯ ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿ ನನ್ನ ತೊಡೆಯಿಂದ ಗಂಗಾಳನ್ನು ಎತ್ತಿಕೊಂಡಳು. ಅವಳಿಗೂ ಹಾಲು ಕುಡಿಯುವ ಗಂಡು ಕೂಸಿತ್ತು.

“ಅಂವ ಒಂದ ಕಡೆ ಕುಡೀಲಿ, ಇಕಿ ಒಂದ ಕಡೆ ಕುಡೀಲಿ,” ಎಂದಳು. “ದೇವರು ಎರಡು ಕೊಟ್ಟಾನಲ್ಲ, ಮತ್ಯಾಕ ಕೊಟ್ಟಾನ?”

ನನ್ನ ಜೊತೆ ಮತ್ತೆ ಮಾತು ಶುರುಮಾಡಿದ್ದು ಅವಳು ಹಾಗೆ. ಗಂಗಾ ಅವಳ ಹೆಗಲ ಮೇಲಿಂದ ನನ್ನತ್ತ ಕೈ ಚಾಚಿ ಅಳುತ್ತ ಹಿತ್ತಲ ಕಡೆಗೆ ಹೋದಳು.

ಆ ವಾರವೇ ಊರಲ್ಲಿ ಡಂಗುರ ಬಿತ್ತು. ಹಾನಗಲ್ಲಿನ ಸಂತೆ ಬಂದ್, ಆಡೂರಿನ ಸಂತೆ ಬಂದ್. ಬಸ್ಸು ನಿಲ್ಲುವುದಿಲ್ಲ. ಮದುವೆ ಮುಂಜಿ ಮಾಡಬಾರದು, ಜನ ಕೂಡಬಾರದು. ಬೇನೆ ಬಿದ್ದವರನ್ನು ಮನೆಯಲ್ಲಿ ಬಚ್ಚಿಡಬಾರದು, ಹಾನಗಲ್ಲಿನ ಹೊರಗೆ ಹಾಕಿದ ಸರ್ಕಾರದ ಶೆಡ್ಡಿಗೆ ಸೇರಿಸಬೇಕು. ತಾಲೂಕಿನ ಮಾಮಲೇದಾರ ಸಾಹೇಬರೇ ಊರೂರಿಗೆ ಬಂದು ನೋಡುತ್ತಾರೆ.

ಆ ಶೆಡ್ಡು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ನಾನು ಅದನ್ನು ನೋಡಿಯೇ ಇಲ್ಲ. ಆದರೆ ಅಲ್ಲಿಂದ ಗಂಗಾಳ ಅಳು ಕೇಳಿಸುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಸಾಯುವುದಾದರೂ ಅವಳ ದನಿ ಕೇಳುವಲ್ಲಿ ಸಾಯಬೇಕು, ಉಳಿದರೆ ಅಲ್ಲಿಂದಲೇ ಎದ್ದು ಹೋಗಿ ಅವಳನ್ನು ಎತ್ತಿಕೊಳ್ಳಬೇಕು. ಜ್ವರದಲ್ಲಿ ನೀಲತ್ತೆಯ ಕೈ ಹಿಡಿದು ಇದನ್ನೇ ಹೇಳಿದೆನಂತೆ.

ಗುಡಿಯ ಮುಂದೆ ಹಿರಿಯರು ದೂರ ದೂರ ಕುಳಿತು ಮಾತಾಡಿದರು. ಅಲ್ಲಿ ಆದದ್ದನ್ನು ನಿಮ್ಮ ಅಜ್ಜ ನನಗೆ ಎಷ್ಟೋ ವರ್ಷ ಮತ್ತೆ ಮತ್ತೆ ಹೇಳುತ್ತಿದ್ದರು, ಆದ್ದರಿಂದ ನಾನೇ ಅಲ್ಲಿದ್ದಂತೆ ನೆನಪಿದೆ.

“ಸರ್ಕಾರ ಸಂತಿ ಮುಚ್ಚೇತಿ, ಮುಚ್ಚಲಿ,” ಎಂದರಂತೆ ಊರ ಗೌಡರು. “ಹೊಟ್ಟಿ ಮುಚ್ಚಾಕ ಬರೂದಿಲ್ಲಲ್ಲ. ಅಕ್ಕಿ ನಮ್ಮಲ್ಲೈತಿ, ಬ್ಯಾಳಿ ನಮ್ಮಲ್ಲೈತಿ, ಗಾಣ ನಮ್ಮೂರಾಗೈತಿ. ಇದ್ದದ್ದನ್ನ ಹಂಚಿಕೊಂಡು ಉಣ್ಣೂಣು. ಊರಿಂದ ಯಾರೂ ಹೊರಗ ಹೋಗೂದು ಬ್ಯಾಡ, ಹೊರಗಿನವ್ರು ಒಳಗ ಬರೂದು ಬ್ಯಾಡ.”

“ಮತ್ತ ಪಾರವ್ವ?” ಎಂದು ಯಾರೋ ಕೇಳಿದರಂತೆ.

“ನಮ್ಮೂರ ಸೊಸಿ. ನಮ್ಮೂರ ಹೊಲದಾಗ ಇರ್ಲಿ.”

ಹೀಗೆ ಊರ ಮೂಡಲಿಗೆ, ಕೊಯ್ದ ಗದ್ದೆಯ ನಡುವೆ ನನಗೊಂದು ಗುಡಿಸಲು ಎದ್ದಿತು. ಕೆರೆಯ ನೀರು ಊರಿನಿಂದ ಆ ಕಡೆಗೆ ಹರಿಯುತ್ತದೆ, ಆ ಕಡೆಯಿಂದ ಊರಿಗೆ ಬರುವುದಿಲ್ಲ. ನನ್ನ ಮೈ ತೊಳೆದ ನೀರು ಯಾರ ಕೊಡಕ್ಕೂ ಸೇರಬಾರದೆಂದು ಯೋಚಿಸಿಯೇ ಮೂಡಲನ್ನು ಆರಿಸಿದರು. ಇದನ್ನು ನೀವು ನೆನಪಿಟ್ಟುಕೊಳ್ಳಿ, ಏಕೆಂದರೆ ಹಿರಿಯರು ಮುಂದೆ ಇದನ್ನು ಮರೆತರು.

ನೀಲತ್ತೆ ನನ್ನ ಜೊತೆ ಬಂದಳು. ಒಮ್ಮೆ ಬೇನೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲ. ಊರಲ್ಲಿ ಅಂಥ ಕಲೆಯ ಮುಖದವರು ಕೆಲವರಿದ್ದರು, ಅವರಿಗೆಲ್ಲ ಒಮ್ಮೆಲೇ ಬೆಲೆ ಬಂತು. ಮನೆ ಮನೆಗೆ ಅಕ್ಕಿ, ಎಣ್ಣೆ, ತರಕಾರಿ ಮುಟ್ಟಿಸುವವರು ಅವರೇ. ನನ್ನ ಗುಡಿಸಲಿಗೆ ಗಂಜಿ ತರುವವರೂ ಅವರೇ.

“ಮುಂಜಾನೆ ನನ್ನ ಮಾರಿ ಕಂಡ್ರ ಕೆಲಸ ಕೆಡತೈತಿ ಅಂತ ಹಾದಿ ಬಿಟ್ಟು ಹೋಗ್ತಿದ್ರು,” ಎಂದು ನೀಲತ್ತೆ ಬೇವಿನ ಸೊಪ್ಪಿನಿಂದ ನನಗೆ ಗಾಳಿ ಹಾಕುತ್ತ ಹೇಳುತ್ತಿದ್ದಳು. “ಈಗ ನೋಡು, ಬದುವಿನ ಮ್ಯಾಲ ಚಾ ಇಟ್ಟು ಕರೀತಾರ, ಬಾ ನೀಲವ್ವ, ಕುಂದ್ರ ನೀಲವ್ವ, ಚಾ ಕುಡಿ ನೀಲವ್ವ. ಚಾ ಕುಡದ ಕುಡದ ನನಗ ನಿದ್ದಿನ ಬರವಲ್ದು.”

ಬೇನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಯೆಲ್ಲ ಎದ್ದಿತು. ಅಂಗಾಲು, ಅಂಗೈ, ನಾಲಿಗೆ, ಎಲ್ಲಿಯೂ ಬಿಡಲಿಲ್ಲ. ಬಟ್ಟೆ ತಾಗಿದರೆ ಉರಿ, ಹಾಗಾಗಿ ಬಾಳೆ ಎಲೆಯ ಮೇಲೆ ಮಲಗಿಸಿದರು. ರೆಪ್ಪೆಗಳು ಅಂಟಿಕೊಂಡು ಕಣ್ಣು ಮುಚ್ಚಿಹೋದಾಗ ನಾನು ನಿಜವಾಗಿ ಹೆದರಿದೆ. ಕೂಸಿನ ಮುಖ ಹೇಗಿತ್ತೆಂದು ಕತ್ತಲೆಯಲ್ಲಿ ನೆನಪು ಮಾಡಿಕೊಳ್ಳುತ್ತಿದ್ದೆ. ಮೂಗು ಸಿಗುತ್ತಿತ್ತು, ಕಿವಿ ಸಿಗುತ್ತಿತ್ತು, ಎಲ್ಲ ಸೇರಿ ಮುಖ ಆಗುತ್ತಿರಲಿಲ್ಲ. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು. ಹಾಲು ಇಂಗಲೆಂದು ನೀಲತ್ತೆ ಮಲ್ಲಿಗೆ ಹೂವು ಅರೆದು ಕಟ್ಟಿದಳು. “ನಿನ್ನ ಗಂಡಗ ಹೇಳೇನಿ, ಮಲ್ಲಿಗಿ ಕಳಸು ಅಂತ. ಅಂವ ಮಾಲಿ ಕಟ್ಟಿಸಿ ಕಳಸ್ಯಾನ. ಏನ್ ತಿಳಕೊಂಡಾನೋ,” ಎಂದಳು. ಬಾಯಿ ತುಂಬ ಹುಣ್ಣಿದ್ದರೂ ನನಗೆ ನಗು ಬಂದು ಪ್ರಾಣ ಹೋಯಿತು.

ಒಂದು ಮಧ್ಯಾಹ್ನ ನೀಲತ್ತೆ ಬೆಚ್ಚಗಿನ ನೀರಿನ ಅರಿವೆಯಿಂದ ಒರೆಸುತ್ತಿದ್ದಾಗ ಬಲಗಣ್ಣು ಬಿಡಿಸಿಕೊಂಡಿತು. ಮಾಡಿನ ಹುಲ್ಲು ಕಂಡಿತು, ಹುಲ್ಲಿನ ಸಂದಿಯಲ್ಲಿ ಬಿಸಿಲು ಕಂಡಿತು. ಮರುದಿನ ಎಡಗಣ್ಣೂ ಬಿಟ್ಟಿತು. ಅಲ್ಲಿಂದ ನನಗೆ ಉಳಿಯುವ ಆಸೆ ಬಂತು.

ನಿಮ್ಮ ಅಜ್ಜ ಪ್ರತಿದಿನ ಎತ್ತು ಮೇಯಿಸುವ ನೆವ ಮಾಡಿ ಎರಡು ಬದುಗಳ ಆಚೆ ಬಂದು ನಿಲ್ಲುತ್ತಿದ್ದರು. ಬದು ದಾಟಬಾರದೆಂದು ಊರಿನ ಕಟ್ಟು. ಆಗಿನ ಕಾಲದಲ್ಲಿ ಗಂಡ ಹೆಂಡತಿ ಹಿರಿಯರಿಗೆ ಕೇಳುವಂತೆ ಮಾತಾಡುತ್ತಿರಲಿಲ್ಲ. ಅಷ್ಟು ದೂರದಿಂದ ಮಾತಾಡಬೇಕೆಂದರೆ ಕೂಗಬೇಕು, ಕೂಗಿದರೆ ಆಚೆ ಹೊಲದಲ್ಲಿದ್ದವರಿಗೆಲ್ಲ ಕೇಳುತ್ತದೆ. ಅದಕ್ಕೆ ಅವರು ಎತ್ತನ್ನು ಮಾತಾಡಿಸುತ್ತಿದ್ದರು.

“ಏ ಬಸವಾ, ಇವತ್ತರ ಒಂದೀಟು ಗಂಜಿ ಕುಡದೇನೋ?”

ನಾನು ಗುಡಿಸಲ ಬಾಗಿಲಲ್ಲಿ ಕುಳಿತು ನೀಲತ್ತೆಗೆ ಹೇಳುವಂತೆ ಗಟ್ಟಿಯಾಗಿ, “ಕುಡದೇನಿ ಅತ್ತಿ,” ಎನ್ನುತ್ತಿದ್ದೆ.

“ಬಸವಾ, ಕರು ಆರಾಮೈತಿ. ಮೈ ಬಿಸಿ ಇಲ್ಲ. ನೆಗೆಣ್ಣಿ ಹಾಲು ಛಲೋ ಹತ್ತೇತಿ.”

ನನಗೆ ಬೇಕಾದದ್ದು ಆ ಒಂದು ಸುದ್ದಿ. ನನ್ನ ಜ್ವರದ ಹಾಲು ಕುಡಿದ ಕೂಸು, ಅವಳಿಗೂ ಎಲ್ಲಿ ಬರುತ್ತದೋ ಎಂದು ದಿನಾ ಹೆದರುತ್ತಿದ್ದೆ. ಒಂದು ದಿನ ಎತ್ತು ಇನ್ನೆಲ್ಲೋ ಮೇಯುತ್ತಿತ್ತು, ಅವರೊಬ್ಬರೇ ಬರಿ ಬದುವಿನ ಮೇಲೆ ನಿಂತು ಬಸವನನ್ನು ಮಾತಾಡಿಸಿದರು. ನೀಲತ್ತೆ ಸೊಂಟದ ಮೇಲೆ ಕೈಯಿಟ್ಟು, “ಏ ಹುಚ್ಚಪ್ಪಾ, ಎತ್ತನ್ನರ ತಂದು ಮಾತಾಡೋ,” ಎಂದಳು.

ನನ್ನ ಅಪ್ಪ ಒಮ್ಮೆ ಸವಣೂರ ಕಡೆಯಿಂದ ಹೊಲದ ಹಾದಿ ಹಿಡಿದು ನಡೆದು ಬಂದ. ಊರ ಗಡಿಗಲ್ಲಿನ ಹತ್ತಿರ ಅವನನ್ನು ನಿಲ್ಲಿಸಿದರು. ಅವನು ಬೈಯಲಿಲ್ಲ, ಬೇಡಲಿಲ್ಲ. ತಲೆಯ ಮೇಲಿನ ಎಲೆಯ ಪೆಂಡಿಯನ್ನು ಕಲ್ಲಿನ ಮೇಲೆ ಇಳಿಸಿ, “ನನ್ನ ಮಗಳ ಪಾಲು ತಗದು ಉಳದದ್ದು ಊರಿಗೆ ಇರ್ಲಿ,” ಎಂದು ದೂರ ಸರಿದು ನಿಂತ. ಸಂತೆ ಮುಚ್ಚಿದ್ದರಿಂದ ಊರಿಗೆ ಎಲೆ ಕಾಣದೆ ಎಷ್ಟೋ ದಿನವಾಗಿತ್ತು. ಮುದುಕರು ಬರಿ ಅಡಿಕೆ ಅಗಿದು ಬೇಸತ್ತಿದ್ದರು. ಗೌಡರು ಮನೆಗೆ ಇಷ್ಟಿಷ್ಟು ಎಂದು ಹಂಚಿಸಿದರು. ಆ ಸಂಜೆ ಕೆಂಪು ಬಾಯಿಯ ಮುದುಕರೆಲ್ಲ ನನ್ನ ಕಡೆಯ ಬದುವಿನವರೆಗೆ ಒಬ್ಬೊಬ್ಬರಾಗಿ ಬಂದು, “ಪಾರವ್ವ, ಲಗೂನ ಆರಾಮಾಗವಾ,” ಎಂದು ಕೂಗಿ ಹೋದರು.

ಹುಣ್ಣುಗಳು ಒಣಗಿ ಪೊರೆ ಏಳತೊಡಗಿದಾಗ ಊರಲ್ಲಿ ಹಿರಿಯರು ಹೊರಬೀಡು ಹೋಗಬೇಕೆಂದು ನಿಶ್ಚಯ ಮಾಡಿದರು. ನೀವು ಹೊರಬೀಡು ಕಂಡಿರಲಿಕ್ಕಿಲ್ಲ. ಊರಿಗೆ ಬೇನೆ ಬಂದರೆ, ಒಂದು ದಿನ ಗೊತ್ತುಮಾಡಿ, ಬೆಳಕು ಹರಿಯುವ ಮುಂಚೆ ಊರಿಗೆ ಊರೇ ಹೊರಬೀಳುವ ಪದ್ಧತಿ ಅದು. ಜನ, ದನ, ಕೋಳಿ, ನಾಯಿ, ಬೆಕ್ಕು, ಉಸಿರಾಡುವ ಒಂದು ಜೀವವೂ ಒಳಗೆ ಉಳಿಯಬಾರದು. ಒಲೆ ಆರಿಸಿ, ಊರ ಅಗಸಿ ಬಾಗಿಲಿಗೆ ಮುಳ್ಳು ಬಡಿದು, ಹೊಲದಲ್ಲಿ ಅಡುಗೆ ಮಾಡಿ ಉಂಡು, ದೀಪ ಹಚ್ಚುವ ಹೊತ್ತಿಗೆ ಮರಳಬೇಕು. ಖಾಲಿ ಊರಲ್ಲಿ ಬೇನೆಗೆ ಬೇಸರವಾಗಿ ಅದು ಹೊರಟುಹೋಗುತ್ತದೆ ಎಂದು ನಂಬಿಕೆ. ಹೊರಬೀಡು ಯಾವ ದಿಕ್ಕಿಗೆ ಹೋಗಬೇಕೆಂಬುದೂ ಮುತ್ತಜ್ಜರ ಕಾಲದಿಂದ ಗೊತ್ತಾದದ್ದು. ನಮ್ಮೂರದು ಮೂಡಲಿಗೆ.

ಇಷ್ಟು ಹೇಳಿದ ಮೇಲೆ ನಿಮಗೆ ತಿಳಿಯಿತು. ಹಿರಿಯರಿಗೆ ಮಾತ್ರ ಆ ಬೆಳಗಿನ ತನಕ ತಿಳಿಯಲಿಲ್ಲ.

ಚಕ್ಕಡಿಗಳ ಸದ್ದಿಗೆ ನಾನು ಎದ್ದು ಕುಳಿತೆ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಗದ್ದೆಯ ಹಾದಿಯ ತುಂಬ ಚಕ್ಕಡಿ, ಎಮ್ಮೆ, ಬುಟ್ಟಿಯಲ್ಲಿ ಕೂಗುವ ಕೋಳಿ, ಹೆಗಲ ಮೇಲೆ ಮಕ್ಕಳು, ತಲೆಯ ಮೇಲೆ ಪಾತ್ರೆ. ಎಲ್ಲರೂ ನನ್ನತ್ತಲೇ ಬರುತ್ತಿದ್ದರು. ನೀಲತ್ತೆ ಗುಡಿಸಲ ಹೊರಗೆ ಓಡಿ ಎರಡೂ ಕೈ ಬೀಸಿದಳು.

“ಎಲ್ಲಿಗೆ ಬಂದ್ರೋ? ಯಾರಿಗಾಗಿ ಊರ ಬಿಟ್ರಿ, ಆಕೀ ಕಡೇನ ಬಂದೀರಲ್ಲೋ.”

ಮುಂದಿನ ಚಕ್ಕಡಿ ನಿಂತಿತು. ಅದರ ಹಿಂದಿನದೂ ನಿಂತಿತು. ಗೌಡರು ರುಮಾಲು ತೆಗೆದು ತಲೆ ಕೆರೆದುಕೊಂಡರು. ಬೇರೆ ದಿಕ್ಕಿಗೆ ಹೋದರೆ ಪದ್ಧತಿ ಕೆಡುತ್ತದೆ. ಮರಳಿ ಹೋಗೋಣವೆಂದರೆ ಅಗಸಿಗೆ ಮುಳ್ಳು ಬಡಿದಾಗಿದೆ, ದೀಪ ಹಚ್ಚುವ ತನಕ ತೆಗೆಯುವಂತಿಲ್ಲ. ಗಂಡಸರೆಲ್ಲ ಒಬ್ಬರ ಮೇಲೊಬ್ಬರು ತಪ್ಪು ಹಾಕತೊಡಗಿದರು.

ನನ್ನ ಅತ್ತೆ ಚಕ್ಕಡಿಯಿಂದ ಇಳಿದು, “ಎರಡು ಬದು ಬಿಟ್ಟು ಒಲಿ ಹೂಡ್ರಿ. ನನ್ನ ಸೊಸಿ ಹುಲಿ ಅಲ್ಲ,” ಎಂದು ಮೂರು ಕಲ್ಲು ಹುಡುಕಲು ಹೊರಟರು.

ಹೀಗೆ ನಾನು ಊರಿನ ಹೊರಗಿದ್ದವಳು ಒಂದೇ ಬೆಳಗಿನಲ್ಲಿ ಊರಿನ ನಟ್ಟನಡುವೆ ಬಂದೆ. ಎರಡು ಬದುಗಳ ಆಚೆ, ಸುತ್ತಲೂ ಒಬ್ಬೊಬ್ಬರು ತಮ್ಮ ತಮ್ಮ ಹೊಲದಲ್ಲಿ ಒಲೆ ಹೂಡಿದರು. ಹೊಗೆ ಎದ್ದಿತು. ಯಾರೋ ಯಾರನ್ನೋ ಬೈಯುವುದು, ಯಾರದೋ ಎಮ್ಮೆ ಯಾರದೋ ಬಣಿವೆಗೆ ಬಾಯಿ ಹಾಕಿದ್ದು, ಶಾಂತವ್ವ ತನ್ನ ಗಂಡನಿಗೆ ಉಪ್ಪು ಮರೆತದ್ದಕ್ಕೆ ಬೈದದ್ದು, ಎಲ್ಲ ನನಗೆ ಕೇಳುತ್ತಿತ್ತು. ಅಷ್ಟು ದಿನ ಕಾಗೆಯ ದನಿ ಬಿಟ್ಟರೆ ಏನೂ ಕೇಳದ ನನಗೆ ಅದೆಲ್ಲ ಮದುವೆ ಮನೆಯಂತೆ ಕಂಡಿತು. ಶಾಂತವ್ವ ಬದುವಿನ ಆಚೆ ನಿಂತು ಗಂಗಾಳನ್ನು ಎರಡೂ ಕೈಯಲ್ಲಿ ಮೇಲೆತ್ತಿ ತೋರಿಸಿದಳು. ಕೂಸು ದಪ್ಪಗಾಗಿದ್ದಳು.

“ನೋಡ್ಕೋ ನಿನ್ನ ಮಗಳನ್ನ,” ಎಂದು ಕೂಗಿದಳು. “ನನ್ನ ಮಗನ ಪಾಲನೂ ಇಕೀನ ಕುಡೀತಾಳ. ನಾಳೆ ಅಂವ ಸಣ್ಣಗಿದ್ರ ನಿನ್ನ ಹೆಸರ ಹೇಳ್ತೇನಿ.”

ಮಾಮಲೇದಾರ ಸಾಹೇಬರು ನಮ್ಮೂರ ತಪಾಸಣೆಗೆ ಬಂದದ್ದು ಅದೇ ದಿನ.

ಅವರು ಅಗಸಿಗೆ ಬಂದು ನೋಡಿದರೆ ಮುಳ್ಳು. ಒಳಗೆ ಇಣುಕಿದರೆ ಒಂದು ನಾಯಿಯೂ ಇಲ್ಲ. ಬೇನೆ ಹೊತ್ತುಕೊಂಡು ಊರಿಗೆ ಊರೇ ಶಿಗ್ಗಾವಿಯ ಕಡೆ ಓಡಿಹೋಗಿದೆ ಎಂದೇ ತಿಳಿದರಂತೆ. ಕೂಡಲೇ ಜೊತೆಯ ಪೊಲೀಸನನ್ನು ರಸ್ತೆಯ ಕಡೆ ಓಡಿಸಿ, ತಾವು ಹೊಗೆ ಕಂಡ ದಿಕ್ಕಿಗೆ ನಡೆದು ಬಂದರು. ಪ್ಯಾಂಟಿಗೆಲ್ಲ ಮುಳ್ಳಿನ ಬೀಜ ಮೆತ್ತಿತ್ತು, ಬೆವರಿದ್ದರು. ಅವರ ಹಿಂದೆ ಪೆಟ್ಟಿಗೆ ಹೊತ್ತ ದೇವಿ ಚುಚ್ಚುವ ಕಂಪೌಂಡರ್.

“ಗೌಡ್ರ, ಏನಿದು? ಊರ ಬಿಟ್ಟು ಎಲ್ಲಿಗೆ ಹೊಂಟೀರಿ?”

“ಎಲ್ಲಿಗೂ ಇಲ್ರೀ ಸಾಹೇಬ್ರ. ಬಂದೇವಿ.”

“ಎಲ್ಲಿಗೆ ಬಂದೀರಿ?”

“ಇಲ್ಲಿಗೇ ರೀ.”

ಸಾಹೇಬರು ಬಗ್ಗಿ ಪ್ಯಾಂಟಿನ ಮುಳ್ಳು ಕಿತ್ತರು. ಜನ ಕೂಡಬಾರದೆಂದು ಹುಕುಂ ಇದೆಯಲ್ಲ ಎಂದರು. ಗೌಡರು ಕೈ ತಿರುಗಿಸಿ ಹೊಲ ತೋರಿಸಿದರು. ಯಾರೂ ಕೂಡಿರಲಿಲ್ಲ. ಒಂದೊಂದು ಮನೆಯವರು ಒಂದೊಂದು ಗದ್ದೆಯಲ್ಲಿ, ನಡುವೆ ಬದು, ತಮ್ಮ ತಮ್ಮ ಒಲೆಯ ಮುಂದೆ ಕುಳಿತಿದ್ದರು. ಊರಿನ ಓಣಿಗಳಲ್ಲಿ ಗೋಡೆಗೆ ಗೋಡೆ ಹತ್ತಿ ಇದ್ದ ಜನ ಇಲ್ಲಿ ಕೂಗಿದರೆ ಮಾತ್ರ ಕೇಳುವಷ್ಟು ದೂರ ಇದ್ದರು. ಸಾಹೇಬರು ರುಮಾಲಿನಿಂದ ಮುಖ ಒರೆಸಿಕೊಂಡು, “ಇದನ್ನ ನಿಮಗ ಯಾರು ಹೇಳಿದ್ರು?” ಎಂದರು.

“ನಮ್ಮ ಮುತ್ಯಾಂದ್ರು ರೀ. ಆದ್ರ ಸಂಜಿಕೆ ಹೊಳ್ಳಿ ಹೋಗ್ತೇವಿ.”

“ಹೋಗಬ್ಯಾಡ್ರಿ,” ಎಂದರು ಸಾಹೇಬರು. “ಇಲ್ಲೇ ಇರ್ರಿ. ನಾ ಹೇಳೂ ತನಕ ಇರ್ರಿ.”

ಗೌಡರ ಮುಖ ಅರಳಿತು. ಮುಂದೆ ಎಷ್ಟೋ ವರ್ಷ ಅವರು ಬೇರೆ ಊರವರ ಮುಂದೆ, ನಿಮ್ಮ ಹೊರಬೀಡು ಬರಿ ಹೊರಬೀಡು, ನಮ್ಮದು ಸರ್ಕಾರಿ ಹೊರಬೀಡು ಎಂದು ಹೇಳಿಕೊಳ್ಳುತ್ತಿದ್ದರು.

ಆಮೇಲೆ ಸಾಹೇಬರು ನನ್ನ ಗುಡಿಸಲ ಕಡೆ ನೋಡಿದರು. ನಾನು ಸೆರಗು ಎಳೆದುಕೊಂಡು ಒಳಗೆ ಸರಿದೆ. “ಇವರನ್ನ ಶೆಡ್ಡಿಗೆ ಕಳಸಬೇಕಾಗತೈತಿ. ಅಲ್ಲಿ ನರ್ಸಬಾಯಿ ಅದಾರ, ಔಷಧ ಐತಿ. ನಾನು ಚಕ್ಕಡಿ ಕೊಡಸ್ತೇನಿ,” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ನಿಮ್ಮ ಅಜ್ಜ ಎತ್ತಿನ ಹಗ್ಗ ಹಿಡಿದು ನೆಲ ನೋಡುತ್ತ ನಿಂತಿದ್ದರು. ಆಗ ನನ್ನ ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು. ಅವರು ಪರಪುರುಷರ ಮುಂದೆ ಮಾತಾಡಿದ್ದನ್ನು ನಾನು ಅದಕ್ಕಿಂತ ಮುಂಚೆ ಕೇಳಿರಲಿಲ್ಲ.

“ಸಾಹೇಬ್ರ, ಆ ಪೆಟಿಗ್ಯಾಗ ಏನೈತಿ?”

“ದೇವಿ ಹಾಕೂ ಸೂಜಿ. ನಿಮ್ಮೂರ ಹೆಣ್ಮಕ್ಕಳು ಹೋದ ಸಲ ಒಬ್ಬರೂ ಹಾಕಿಸ್ಕೊಳ್ಳಿಲ್ಲ. ಬಾಗಲಾ ಹಾಕ್ಕೊಂಡ್ರು.”

“ಇವತ್ತ ಬಾಗಲಾ ಇಲ್ಲ,” ಎಂದರು ಅತ್ತೆ. “ನನ್ನ ಸೊಸಿ ಇಲ್ಲೇ ಇರ್ತಾಳ ಅಂದ್ರ ಊರ ಹೆಣ್ಮಕ್ಕಳೆಲ್ಲ ಕೈ ಕೊಡ್ತಾರ. ಮೊದಲ ನಾ ಕೊಡ್ತೇನಿ.”

ತಾಯಿ ಮೈಮೇಲೆ ಬಂದಿರುವ ಮನೆಯಲ್ಲಿ ಸೂಜಿ ಮುಟ್ಟಿಸಿದರೆ ಆಕೆ ಸಿಟ್ಟಾಗುತ್ತಾಳೆ ಎಂದು ಊರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವರು ಅವರೇ. ಹೇಳಿ ಅವರು ಗಲ್ಲ ಗಲ್ಲ ಬಡಿದುಕೊಂಡದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು.

ಸಾಹೇಬರು ಗುಡಿಸಲನ್ನು ಸುತ್ತು ಹಾಕಿ ಬಂದರು. ನೀಲತ್ತೆಯ ಮುಖದ ಕಲೆ ನೋಡಿದರು, ನೀರು ಹರಿಯುವ ಕಾಲುವೆ ನೋಡಿದರು, ಬದುಗಳನ್ನು ನೋಡಿದರು. “ಕಡೀ ಪೊರಿ ಉದರೂ ತನಕ ಬದು ದಾಟಬಾರದು. ಅರಿವಿ ಗುಡಸಲಾ ಎಲ್ಲಾ ಸುಡಬೇಕು,” ಎಂದರು. ಅತ್ತೆ ಸರಿ ಎಂದರು. “ಇರ್ಲಿ ಹಂಗಾರ,” ಎಂದರು ಸಾಹೇಬರು.

ಎರಡು ಚಕ್ಕಡಿಗಳ ನಡುವೆ ಧೋತರ ಕಟ್ಟಿ ಮರೆ ಮಾಡಿದರು. ಹೆಂಗಸರು ಮರೆಯ ಒಳಗಿನಿಂದ ಕೈ ಮಾತ್ರ ಹೊರಗೆ ಚಾಚಬೇಕು, ಹೊರಗೆ ಕುಳಿತ ಕಂಪೌಂಡರ್ ಚುಚ್ಚಬೇಕು. ಮೊದಲು ಅತ್ತೆಯ ಕೈ ಬಂತು. ಆಮೇಲೆ ಶಾಂತವ್ವನದು, ಅವಳ ಮಗನದು, ಗಂಗಾಳದು. ಗಂಗಾ ಕಿರುಚಿದ್ದು ಕೇಳಿ ನನಗೆ ಸಂತೋಷವಾಯಿತು ಎಂದರೆ ನೀವು ನಂಬಬೇಕು. ಸ್ವಲ್ಪ ಹೊತ್ತಿನಲ್ಲಿ ಕಂಪೌಂಡರ್, “ತಡೀರಿ, ಈ ಹಸರ ಬಳಿ ಕೈ ಆಗಲೇ ಬಂದು ಹೋಗೇತಿ,” ಎಂದ. ಗೌಡರ ಹೆಂಡತಿ, ಹೆದರಿ ಅಡಗಿದ ತನ್ನ ಸೊಸೆಯ ಬದಲಿಗೆ ಮತ್ತೆ ತನ್ನದೇ ಕೈ ಚಾಚಿದ್ದರು. ಹೊಲಕ್ಕೆ ಹೊಲವೇ ನಕ್ಕಿತು. ಸಾಹೇಬರೂ ನಕ್ಕು ಬೇರೆ ಕಡೆ ತಿರುಗಿದರು. ಸೊಸೆಯನ್ನು ಬಣಿವೆಯ ಹಿಂದಿನಿಂದ ಹಿಡಿದು ತಂದರು.

ಆ ಹೊರಬೀಡು ಬಹಳ ದಿನ ನಡೆಯಿತು. ಹುಲ್ಲಿನ ಚಪ್ಪರಗಳು ಎದ್ದವು. ತರಕಾರಿ ಬೆಳೆದವರು ಬದುವಿನ ಮೇಲೆ ಇಟ್ಟು ಹಿಂದೆ ಸರಿಯುವರು, ಬೇಕಾದವರು ಬಂದು ಅಕ್ಕಿ ಇಟ್ಟು ಒಯ್ಯುವರು. ಹಾನಗಲ್ಲಿನ ಸಂತೆ ಯಾರಿಗೂ ನೆನಪಾಗದಷ್ಟು ಅದು ರೂಢಿಯಾಯಿತು. ಊರಲ್ಲಿ ಮತ್ತೊಬ್ಬರಿಗೆ ಬೇನೆ ಬರಲಿಲ್ಲ. ಸೂಜಿಯಿಂದ ಎಂದು ಕೆಲವರು, ಹೊರಬೀಡಿನಿಂದ ಎಂದು ಕೆಲವರು ಇಂದಿಗೂ ವಾದಿಸುತ್ತಾರೆ. ನಾನು ಎರಡಕ್ಕೂ ಕೈ ಮುಗಿಯುತ್ತೇನೆ.

ಆ ದಿನಗಳಲ್ಲೇ ಗಂಗಾ ನಡೆಯಲು ಕಲಿತಳು. ಒಂದು ದಿನ ಶಾಂತವ್ವ ರೊಟ್ಟಿ ಬಡಿಯುತ್ತಿದ್ದಾಗ ಅವಳು ಎದ್ದು, ಕೈ ಎರಡೂ ಅಗಲ ಮಾಡಿಕೊಂಡು ನನ್ನತ್ತ ಹೊರಟಳು. ಮೊದಲ ಬದುವನ್ನು ಹೊಟ್ಟೆಯ ಮೇಲೆ ತೆವಳಿ ದಾಟಿದಳು. ನಾನು ಗುಡಿಸಲ ಹೊರಗೆ ಬಿಸಿಲಿಗೆ ಕುಳಿತಿದ್ದೆ. ನನ್ನ ಅಂಗಾಲಿನಲ್ಲಿ ಇನ್ನೂ ಪೊರೆ ಉಳಿದಿತ್ತು. ಅವಳು ನನ್ನನ್ನು ಗುರುತಿಸಿ ಬರುತ್ತಿದ್ದಳೋ, ಪಕ್ಕದಲ್ಲಿದ್ದ ಹಿತ್ತಾಳೆ ತಂಬಿಗೆ ಹೊಳೆಯುವುದನ್ನು ನೋಡಿ ಬರುತ್ತಿದ್ದಳೋ ಗೊತ್ತಿಲ್ಲ. ನನ್ನ ಎರಡೂ ಕೈ ತಾವಾಗಿಯೇ ಮುಂದೆ ಬಂದವು. ಅವನ್ನು ಹಿಂದಕ್ಕೆ ಎಳೆದುಕೊಂಡು ಎದ್ದು ಒಳಗೆ ಹೋಗಿ ಬಿದಿರ ತಟ್ಟಿ ಮುಚ್ಚಿದೆ. ಹೊರಗೆ ಅವಳು ನಿಂತು ಅತ್ತಳು. ಶಾಂತವ್ವ ಓಡಿ ಬಂದು ಎತ್ತಿಕೊಂಡು ಹೋಗುವ ತನಕ ನಾನು ತಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದೆ. ಆ ಬೇನೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದ ಗಳಿಗೆ ಅದು.

ಕಡೆಯ ಪೊರೆ ಉದುರಿದ ಮೇಲೆ ನೀಲತ್ತೆ ನನಗೆ ಬೇವಿನ ನೀರು ಎರೆದಳು. ಹೊಸ ಸೀರೆ ಉಡಿಸಿ, ಹಳೆಯದೆಲ್ಲವನ್ನೂ ಗುಡಿಸಲಲ್ಲಿ ಹಾಕಿ ಬೆಂಕಿ ಹಚ್ಚಿದಳು. ಊರು ಚಕ್ಕಡಿ ಹೇರಿಕೊಂಡು ಮರಳಲು ಸಿದ್ಧವಾಗಿ ನಿಂತಿತ್ತು. ನಾನು ಬರಿಗಾಲಲ್ಲಿ ಮೊದಲ ಬದು ದಾಟಿದೆ. ನಿಮ್ಮ ಅಜ್ಜ ಅಂದು ಎತ್ತನ್ನು ನೋಡಲಿಲ್ಲ. ಎಲ್ಲರ ಮುಂದೆ ನನ್ನ ಮುಖವನ್ನೇ ನೋಡಿದರು, ಆಮೇಲೆ ನಕ್ಕರು. ನಾನು ತಲೆ ತಗ್ಗಿಸಿದೆ.

ಶಾಂತವ್ವ ಎರಡನೆಯ ಬದುವಿನ ಆಚೆ ಗಂಗಾಳನ್ನು ಎತ್ತಿಕೊಂಡು ನಿಂತಿದ್ದಳು. “ಹೋಗು, ನಿಮ್ಮವ್ವ ಬಂದ್ಲು,” ಎಂದಳು. ಗಂಗಾ ನನ್ನ ಹೊಸ ಮುಖ ನೋಡಿ ಅವಳ ಕೊರಳು ಬಿಗಿಯಾಗಿ ಹಿಡಿದುಕೊಂಡಳು. ನಾನು ಆ ಬದುವನ್ನೂ ದಾಟಿ ಕರೆದೆ. ಬರಲಿಲ್ಲ. ಶಾಂತವ್ವ ಕೂಸನ್ನು ಕೆಳಗೆ ಇಳಿಸಿದಳು. ಗಂಗಾ ನನ್ನನ್ನು ಬಿಟ್ಟು, ನನ್ನ ಪಕ್ಕದಲ್ಲಿದ್ದ ಎಮ್ಮೆಯ ಕಡೆಗೆ ಹೊರಟಳು. ಒಂದಷ್ಟು ಹೆಜ್ಜೆ ಹಾಕಿ, ಭತ್ತದ ಕೂಳೆಗೆ ಕಾಲು ತಾಗಿ ಮುಗ್ಗರಿಸಿ ಬಿದ್ದಳು. ಹತ್ತಿರ ಇದ್ದವಳು ನಾನು. ಎತ್ತಿಕೊಂಡೆ. ಅಳುವ ರಭಸದಲ್ಲಿ ಅವಳು ಯಾರ ಹೆಗಲೆಂದು ನೋಡದೆ ನನ್ನ ಹೆಗಲಿಗೆ ಮುಖ ಒತ್ತಿದಳು.

“ಬಿದ್ರೂ ಛಲೋ ಕಡೆ ಬಿದ್ಲು ನೋಡು,” ಎಂದಳು ಶಾಂತವ್ವ. ಅವಳ ಕಣ್ಣಲ್ಲೂ ನೀರಿತ್ತು. ನಾನು ಕೂಸನ್ನು ರೂಢಿಯಂತೆ ಬಲಸೊಂಟಕ್ಕೆ ಸರಿಸಿದೆ. ಅವಳು ಮತ್ತೆ ಕೊಸರಾಡಿ ಅಳತೊಡಗಿದಳು. ಶಾಂತವ್ವ ಹತ್ತಿರ ಬಂದು, ಇಷ್ಟು ದಿನದ ಮೇಲೆ ಮೊದಲ ಸಲ ನನ್ನನ್ನು ಮುಟ್ಟಿ, ಕೂಸನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿದಳು.

“ಎಡಕ್ಕ ಹಾಕ್ಕೋ ಪಾರಿ. ಬಲಕ್ಕ ನನ್ನ ಮಗ ಇರ್ತಿದ್ದ. ಇಕಿ ಎಡಕ್ಕ ರೂಢಿ ಆಗ್ಯಾಳ.”

ಗಂಗಾ ಅಳು ನಿಲ್ಲಿಸಿದಳು. ಚಕ್ಕಡಿಗಳು ಹೊರಟವು. ನಾನೂ ಶಾಂತವ್ವನೂ ನಮ್ಮ ನಮ್ಮ ಕೂಸನ್ನು ಎತ್ತಿಕೊಂಡು ಅವುಗಳ ಹಿಂದೆ ಊರಿನ ಕಡೆ ನಡೆದೆವು. ಅಂದಿನಿಂದ ನಾನು ಎಡಗಡೆಗೇ ರೂಢಿಯಾದೆ. ನಿಮ್ಮನ್ನೆಲ್ಲ ಎತ್ತಿಕೊಂಡದ್ದೂ ಎಡಸೊಂಟದ ಮೇಲೆಯೇ.